ಅಪ್ಪನ ಕ್ಯಾಸೆಟ್‌ಗಳಿಗೆ ರಾಸ್ಪ್‌ಬೆರಿ ಪೈ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸಾಗರದ ಹತ್ತಿರ ಹಳ್ಳಿ. ಅಪ್ಪ ಕೂಡಿಟ್ಟ 140 ಕ್ಯಾಸೆಟ್, 60 ಸಿಡಿ ಮನೆಯಲ್ಲಿವೆ. ಸಿನಿಮಾ ಹಾಡು, ಭಾವಗೀತೆ, ಎಲ್ಲಕ್ಕಿಂತ ಜಾಸ್ತಿ ತಾಳಮದ್ದಲೆ. ಸಿಡಿಗಳನ್ನೆಲ್ಲ ಮತ್ತು ಅರ್ಧದಷ್ಟು ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಹಾಕಿಕೊಂಡಿದ್ದೇನೆ. ಭಾವ ಬಿಟ್ಟುಹೋದ 4 ಜಿಬಿಯ ರಾಸ್ಪ್‌ಬೆರಿ ಪೈ 4 ಡ್ರಾಯರ್‌ನಲ್ಲಿ ಬಿದ್ದಿದೆ. 2 ಟಿಬಿಯ ಹಾರ್ಡ್‌ಡಿಸ್ಕ್ ಒಂದಿದೆ. ಎರಡನ್ನೂ ಸೇರಿಸಿ ಮನೆಗೊಂದು ಸರ್ವರ್ ಮಾಡಿದರೆ ಟಿವಿಯಲ್ಲಿ, ಅಮ್ಮನ ಫೋನಿನಲ್ಲಿ, ಅಮೆರಿಕದಲ್ಲಿರುವ ತಂಗಿಯ ಮನೆಯಲ್ಲಿ ಕೇಳಬಹುದಾ? ಮದುವೆಯ ವಿಡಿಯೊಗಳೂ ಇವೆ. ಕೆಲವರು ಪೈ ಸಾಲದು, ಮಿನಿ ಪಿಸಿ ತಗೊಳ್ಳಿ ಅಂತಾರೆ. ಇಲ್ಲಿ ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಮಳೆಗಾಲದ ಕತೆ ಕೇಳಲೇಬೇಡಿ.

ಉತ್ತರ:

ಹಾಡು ಕೇಳೋದಕ್ಕೆ ಆ ಪೈ ಧಾರಾಳವಾಗಿ ಸಾಕು. ಈಗಲೇ ಮಿನಿ ಪಿಸಿ ಕೊಳ್ಳಬೇಡಿ. ಕೊಳ್ಳಲೇಬೇಕಾದ ಒಂದೆರಡು ಸಣ್ಣ ಸಾಮಾನಿದೆ, ಮುಂದೆ ಹೇಳುತ್ತೇನೆ. (ಮಂಗಳೂರು ಕಡೆಯ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಪೈ ಅಂದರೆ ಅಂಗೈಯಷ್ಟು ದೊಡ್ಡ ಕಂಪ್ಯೂಟರ್, ಪೈಗಳ ಮನೆಯವರಲ್ಲ.)

"ಪೈ ಸಾಲದು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ತಲೆಯಲ್ಲಿರುವುದು ವಿಡಿಯೊ. ಸರ್ವರ್‌ನಲ್ಲಿರುವ ವಿಡಿಯೊ ಫೈಲನ್ನು ನಿಮ್ಮ ಟಿವಿ ಹಾಗೇ ಆಡಿಸಬಲ್ಲದಾದರೆ ಸರ್ವರ್‌ಗೆ ಕೆಲಸವೇ ಇಲ್ಲ. ಡಬ್ಬದಿಂದ ತೆಗೆದು ಬಡಿಸಿದ ಹಾಗೆ, ಅಷ್ಟೆ. ಟಿವಿಗೆ ಆ ಫೈಲಿನ ಬಗೆ ಗೊತ್ತಿಲ್ಲ ಅಂದರೆ ಆಗ ಸರ್ವರ್ ಅದನ್ನು ಕೂತಲ್ಲೇ ಬೇರೆ ಬಗೆಗೆ ಬದಲಾಯಿಸಿ ಕೊಡಬೇಕು. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಅಂತಾರೆ. ಪೈ ಸುಸ್ತಾಗುವುದು ಇಲ್ಲಿ. ಹೊಸ ಪೈ 5 ತಂದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 2023ರಲ್ಲಿ ಬಂದ ಆ ಮಾದರಿಯಲ್ಲಿ ವಿಡಿಯೊವನ್ನು ಹೊಸ ಬಗೆಗೆ ಬರೆಯುವ, ಅಂದರೆ ಎನ್‌ಕೋಡ್ ಮಾಡುವ ಹಾರ್ಡ್‌ವೇರನ್ನೇ ತೆಗೆದುಹಾಕಿದ್ದಾರೆ. ಜೊತೆಗೆ 3.5 ಎಂಎಂ ಆಡಿಯೊ ಜ್ಯಾಕ್ ಕೂಡ ಇಲ್ಲ. ನಿಮ್ಮ ಡ್ರಾಯರ್‌ನಲ್ಲಿರುವ ಹಳೆಯದರಲ್ಲಿ ಇವೆರಡೂ ಇವೆ.

ಹಾಗಾಗಿ ಒಂದು ಪರೀಕ್ಷೆ ಮಾಡಿ. ಮದುವೆಯ ವಿಡಿಯೊಗಳಲ್ಲಿ ಬೇರೆ ಬೇರೆ ಕಾಲದ ನಾಲ್ಕೈದನ್ನು ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿ. ಆಡಿದರೆ ಪೈ ಮೂಲಕವೂ ಹೆಚ್ಚುಕಡಿಮೆ ಆಡುತ್ತದೆ. ಆಡದೇ ಇದ್ದವನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಒಂದೇ ಸಲ ಎಚ್.264 ಎಂಬ, ಹೆಚ್ಚಿನ ಟಿವಿಗಳಿಗೆ ಗೊತ್ತಿರುವ ಬಗೆಗೆ ಬದಲಾಯಿಸಿಟ್ಟುಬಿಡಿ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಹತ್ತು ವಿಡಿಯೊಗೋಸ್ಕರ ಹೊಸ ಡಬ್ಬ ತರುವುದಕ್ಕಿಂತ ಇದು ಮೇಲಲ್ವಾ? ಮುಂದೆ ನೂರಾರು ಸಿನಿಮಾ, ಸಬ್‌ಟೈಟಲ್, ಒಂದೇ ಸಲಕ್ಕೆ ಮೂರು ಜನ ನೋಡುವುದು ಅಂತೆಲ್ಲ ಆಸೆ ಹತ್ತಿದರೆ ಆಗ ಇಂಟೆಲ್ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ನೋಡಿ. ಇಲ್ಲವೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಆಫೀಸುಗಳಿಂದ ಹೊರಬಿದ್ದ 8ನೇ ತಲೆಮಾರಿನ ಐ5 ಇರುವ ಪುಟ್ಟ ಡೆಸ್ಕ್‌ಟಾಪ್ ಹುಡುಕಿ. ಎರಡರಲ್ಲೂ ಟ್ರಾನ್ಸ್‌ಕೋಡಿಂಗ್‌ಗೆ ಇಂಟೆಲ್‌ನ ಕ್ವಿಕ್ ಸಿಂಕ್ ಎಂಬ ಹಾರ್ಡ್‌ವೇರ್ ಇದೆ.

ಈಗ ಜಾಗದ ಲೆಕ್ಕ. ಸಿಡಿಯನ್ನು ಒಂದು ಚೂರೂ ನಷ್ಟವಿಲ್ಲದೆ ಫ್ಲ್ಯಾಕ್ ಎಂಬ ಬಗೆಯ ಫೈಲ್ ಮಾಡಿದರೆ ಸಾಮಾನ್ಯವಾಗಿ 300 ಎಂಬಿ ಆಸುಪಾಸು ಬರುತ್ತದೆ. 60 ಸಿಡಿಗೆ 18 ಜಿಬಿ. ಕ್ಯಾಸೆಟ್ ಒಂದಕ್ಕೆ 450 ಎಂಬಿ ಹಿಡಿದರೂ 140ಕ್ಕೆ 63 ಜಿಬಿ. ಅಪ್ಪನ ಇಡೀ ಸಂಗ್ರಹ 100 ಜಿಬಿ ಒಳಗೇ ಮುಗಿಯಿತು! ನಿಮ್ಮ 2 ಟಿಬಿ ಡಿಸ್ಕ್ ಪೈಗೆ ಬೇಡವೇ ಬೇಡ. 256 ಜಿಬಿಯ ಒಂದು ಎಸ್‌ಎಸ್‌ಡಿ (ಒಳಗೆ ತಿರುಗುವ ಭಾಗ ಇಲ್ಲದ ಡಿಸ್ಕ್) ಮತ್ತು ಯುಎಸ್‌ಬಿ 3ರ ಕೇಸು ತನ್ನಿ. ವಿಡಿಯೊ ತುಂಬಾ ಇದ್ದರೆ 500 ಜಿಬಿ ಇರಲಿ. ಪೈ 4 ನೇರವಾಗಿ ಎಸ್‌ಎಸ್‌ಡಿಯಿಂದಲೇ ಬೂಟ್ ಆಗುತ್ತದೆ, ಮೆಮೊರಿ ಕಾರ್ಡಿನ ಹಂಗಿಲ್ಲ.

ಮೆಮೊರಿ ಕಾರ್ಡ್ ಯಾಕೆ ಬೇಡ ಅಂದರೆ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಲ್ಲಿ ಅದು ಬಾಳುವುದಿಲ್ಲ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡಿನ ಒಳಗಿನ ಲೆಕ್ಕಪತ್ರವೇ ಕೆಡುತ್ತದೆ. ನನ್ನ ಮೊದಲ ಪೈ ಹೀಗೇ ಹೋಯಿತು. ಹಾಡುಗಳು ಬೇರೆ ಡಿಸ್ಕಿನಲ್ಲಿದ್ದವು, ಉಳಿದವು. ಎರಡು ವರ್ಷ ಕೂತು ಕಟ್ಟಿದ್ದ ಪ್ಲೇಲಿಸ್ಟುಗಳು ಕಾರ್ಡಿನಲ್ಲಿದ್ದವು. ಎಸ್‌ಎಸ್‌ಡಿಗೂ ಕರೆಂಟ್ ಹೋಗುವುದು ಒಳ್ಳೆಯದಲ್ಲ, ಆದರೆ ತಡೆದುಕೊಳ್ಳುವ ಶಕ್ತಿ ಜಾಸ್ತಿ. ಅದನ್ನು ಎಕ್ಸ್‌ಟಿ4 ಫಾರ್ಮ್ಯಾಟ್‌ನಲ್ಲೇ ಇಡಿ. ಎಕ್ಸ್‌ಫ್ಯಾಟ್ ಬೇಡ, ಅದರಲ್ಲಿ ಜರ್ನಲ್ ಇಲ್ಲ, ಅಂದರೆ ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ದಿನಚರಿ ಇಲ್ಲ.

ಇನ್ನೊಂದು ಖರ್ಚು ಪವರ್ ಅಡಾಪ್ಟರ್. ಪೈ 4ಗೆ ಬೇಕಾದದ್ದು 5.1 ವೋಲ್ಟ್, 3 ಆಂಪಿಯರ್. ಮೊಬೈಲ್ ಚಾರ್ಜರ್ ಹಾಕಿದರೆ ಕೆಲಸ ಮಾಡಿದ ಹಾಗೆ ಕಾಣುತ್ತದೆ. ಆಮೇಲೆ ನಡುವೆ ಡಿಸ್ಕ್ ಕಾಣೆಯಾಗುತ್ತದೆ, ಹಾಡು ತಟ್ಟನೆ ನಿಲ್ಲುತ್ತದೆ, ತಪ್ಪು ಸಾಫ್ಟ್‌ವೇರ್‌ನದು ಅಂತ ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಮಾನಿಟರ್ ಜೋಡಿಸಿದಾಗ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದರೆ ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದಿದೆ ಎಂದರ್ಥ. ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿಗಳಿಗೆ ಸೇರಿ ಸಿಗುವುದು 1.2 ಆಂಪಿಯರ್ ಮಾತ್ರ. ಎಸ್‌ಎಸ್‌ಡಿ ಜೊತೆ ತಿರುಗುವ ಹಾರ್ಡ್‌ಡಿಸ್ಕನ್ನೂ ಸಿಕ್ಕಿಸಿದರೆ ಎಳೆಯಲಾರದು. ಅದಕ್ಕೇ 2 ಟಿಬಿಯನ್ನು ಬೇರೆ ಕೆಲಸಕ್ಕೆ ಇಟ್ಟಿದ್ದೇನೆ.

ಮನೆಯಲ್ಲಿ ಇನ್ವರ್ಟರ್ ಹೇಗೂ ಇರುತ್ತದಲ್ಲ. ಅದರ ಹಿಂದೆಯೋ ಮುಂದೆಯೋ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯಾ ನೋಡಿ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬದಲಾಗುವ ಆ ಒಂದು ಕ್ಷಣಕ್ಕೇ ಪೈ ರೀಸ್ಟಾರ್ಟ್ ಆಗಿಬಿಡಬಹುದು. ರೂಟರ್ ಮತ್ತು ಪೈ ಎರಡನ್ನೂ ಇನ್ವರ್ಟರ್ ಲೈನಿಗೇ ಹಾಕಿ. ಬ್ಯಾಟರಿ ತಿಂದುಹಾಕುತ್ತದೆ ಎಂಬ ಹೆದರಿಕೆ ಬೇಡ. ಎಸ್‌ಎಸ್‌ಡಿ ಸೇರಿ ಸರಾಸರಿ 5 ವ್ಯಾಟ್ ಹಿಡಿದರೆ ತಿಂಗಳಿಗೆ 3.6 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂದರೂ 25 ರೂಪಾಯಿ. ಹಳೇ ಡೆಸ್ಕ್‌ಟಾಪ್ ಒಂದು 60 ವ್ಯಾಟ್‌ನಲ್ಲಿ ಹಗಲುರಾತ್ರಿ ಓಡಿದರೆ ಇದೇ ಲೆಕ್ಕ 300 ದಾಟುತ್ತದೆ.

ಸಾಫ್ಟ್‌ವೇರ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದೇ ಸುಲಭದ ಭಾಗ. ಡಯಟ್‌ಪೈ ಎಂಬ ಹಗುರವಾದ ಲಿನಕ್ಸ್ ಹಾಕಿ. ಅದರಲ್ಲಿ ಪಟ್ಟಿಯಿಂದ ಆರಿಸಿದರೆ ಬೇಕಾದ್ದನ್ನು ತಾನೇ ಕೂರಿಸುತ್ತದೆ. ಹಾಡಿಗೆ ನ್ಯಾವಿಡ್ರೋಮ್, ವಿಡಿಯೊಗೆ ಜೆಲ್ಲಿಫಿನ್. ಎರಡೂ ಉಚಿತ, ಎರಡರ ಕೋಡ್ ಕೂಡ ಮುಕ್ತ. ಜೆಲ್ಲಿಫಿನ್ ಹಾಡನ್ನೂ ಆಡಿಸುತ್ತದೆ, ಆದರೂ ಹಾಡಿಗೆ ನ್ಯಾವಿಡ್ರೋಮ್ ಇರಲಿ. ತುಂಬಾ ಚುರುಕು, ಮತ್ತು ಸಬ್‌ಸಾನಿಕ್ ಎಂಬ ಹಳೇ ಪದ್ಧತಿಯಲ್ಲಿ ಮಾತಾಡುವುದರಿಂದ ಫೋನಿಗೆ ಹತ್ತಾರು ಆ್ಯಪ್ ಸಿಗುತ್ತವೆ. ಆಂಡ್ರಾಯ್ಡ್‌ನಲ್ಲಿ ಸಿಂಫೋನಿಯಂ ನನಗೆ ಇಷ್ಟ, ದುಡ್ಡು ಕೊಡಬೇಕು. ಅಲ್ಟ್ರಾಸಾನಿಕ್ ಉಚಿತ. ತಂಗಿಯ ಹತ್ತಿರ ಐಫೋನ್ ಇದ್ದರೆ ಆ್ಯಂಪರ್ಫಿ. ಟಿವಿಗೆ ಜೆಲ್ಲಿಫಿನ್‌ನ ಆಂಡ್ರಾಯ್ಡ್ ಟಿವಿ ಆ್ಯಪ್ ಇದೆ. ರೂಟರ್‌ನಲ್ಲಿ ಪೈಗೆ ಒಂದು ಖಾಯಂ ಐಪಿ ವಿಳಾಸ ಕಟ್ಟಿಬಿಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ ಅಮ್ಮನ ಫೋನಿನಲ್ಲಿ "ಸರ್ವರ್ ಸಿಗುತ್ತಿಲ್ಲ" ಅಂತ ಬರುತ್ತದೆ. ಸಾಧ್ಯವಾದರೆ ಪೈಯನ್ನು ರೂಟರ್‌ಗೆ ವೈರಿನಲ್ಲೇ ಜೋಡಿಸಿ, ವೈಫೈ ಬೇಡ.

ಇಷ್ಟೆಲ್ಲ ಒಂದು ಭಾನುವಾರದ ಕೆಲಸ. ಮುಂದಿನದು ಆರು ತಿಂಗಳದ್ದು. ನಿಮ್ಮ ಪ್ರಶ್ನೆಯಲ್ಲಿ ಇಲ್ಲದೇ ಇದ್ದರೂ ನಾನು ಹೇಳಬೇಕೆಂದಿರುವುದು ಅದನ್ನೇ: ಹೆಸರು.

ನ್ಯಾವಿಡ್ರೋಮ್ ನಿಮ್ಮ ಫೋಲ್ಡರ್‌ಗಳನ್ನು ನೆಚ್ಚಿಕೊಳ್ಳುವುದಿಲ್ಲ. ಪ್ರತಿ ಫೈಲಿನ ಒಳಗೆ ಬರೆದ ಟ್ಯಾಗ್ ಎಂಬ ಹೆಸರಿನ ಚೀಟಿ ಓದಿ ತನ್ನದೇ ಕಪಾಟು ಜೋಡಿಸುತ್ತದೆ. ಈ ಟ್ಯಾಗ್‌ಗಳ ಪದ್ಧತಿ ಹುಟ್ಟಿದ್ದು ಒಬ್ಬ ಗಾಯಕ, ಒಂದು ಆಲ್ಬಮ್ ಎಂಬ ಲೋಕದಲ್ಲಿ. ನಮ್ಮದು ಸಿನಿಮಾ ಹಾಡು. ಒಂದು ಚಿತ್ರದಲ್ಲಿ ಆರು ಹಾಡು. ಒಂದು ಪಿ.ಬಿ. ಶ್ರೀನಿವಾಸ್ ಹಾಡಿದ್ದು, ಇನ್ನೊಂದು ಅವರೂ ಎಸ್. ಜಾನಕಿಯವರೂ ಸೇರಿ ಹಾಡಿದ್ದು, ಮತ್ತೊಂದು ಜಾನಕಿಯವರೊಬ್ಬರೇ. ಟ್ಯಾಗ್‌ನಲ್ಲಿ ಗಾಯಕರ ಹೆಸರು ಮಾತ್ರ ಇದ್ದರೆ ಆ ಒಂದು ಚಿತ್ರ ಮೂರು ಆಲ್ಬಮ್ ಆಗಿ ಮೂರು ಕಡೆ ಒಡೆದು ಕೂರುತ್ತದೆ. ಇದಕ್ಕೆ ಮದ್ದು ಆಲ್ಬಮ್ ಆರ್ಟಿಸ್ಟ್ ಎಂಬ ಇನ್ನೊಂದು ಟ್ಯಾಗ್. ಆರೂ ಹಾಡಿಗೆ ಅಲ್ಲಿ ಒಂದೇ ಹೆಸರು ಹಾಕಬೇಕು. ನಾನು ಸಂಗೀತ ನಿರ್ದೇಶಕರ ಹೆಸರು ಹಾಕುತ್ತೇನೆ. ರಾಜನ್-ನಾಗೇಂದ್ರ ಅಂತ ಒತ್ತಿದರೆ ಅವರ ಚಿತ್ರಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ, ನೋಡೋದಕ್ಕೇ ಖುಷಿ. ಗಾಯಕರ ಹೆಸರು ಅದರ ಜಾಗದಲ್ಲಿ ಇದ್ದೇ ಇರುತ್ತದೆ. ಭಾವಗೀತೆಗೆ ಇನ್ನೂ ಒಂದು: ಲಿರಿಸಿಸ್ಟ್ ಎಂಬ ಟ್ಯಾಗ್‌ನಲ್ಲಿ ಕವಿಯ ಹೆಸರು ಹಾಕಿ. ನಮ್ಮವರು ಭಾವಗೀತೆ ಹುಡುಕುವುದು "ಬೇಂದ್ರೆಯವರದ್ದು ಹಾಕೋ" ಅಂತ ತಾನೆ.

ಹೆಸರು ಕನ್ನಡದಲ್ಲೋ ಇಂಗ್ಲಿಷಿನಲ್ಲೋ? ಯಾವುದಾದರೂ ಒಂದು. ಎರಡೂ ಬೆರೆತರೆ ಹುಡುಕಾಟ ಎರಡು ಪಾಲಾಗುತ್ತದೆ. ನಿಮ್ಮ ಮನೆಗೆ ಕನ್ನಡವೇ ಸರಿ ಅನ್ನಿಸುತ್ತದೆ. ಅಮ್ಮ ಓದಬೇಕಲ್ಲ. ಆದರೆ ಕನ್ನಡದಲ್ಲಿ ಒಂದೆರಡು ಗುಂಡಿಗಳಿವೆ, ನಾನು ಬಿದ್ದು ಎದ್ದವನು.

ನನ್ನ ಪಟ್ಟಿಯಲ್ಲಿ ಒಮ್ಮೆ ಇಬ್ಬರು ಜಿ.ಕೆ. ವೆಂಕಟೇಶ್ ಇದ್ದರು. ಒಬ್ಬರ ಹೆಸರಿನಲ್ಲಿ ಒಂಬತ್ತು ಚಿತ್ರ, ಇನ್ನೊಬ್ಬರ ಹೆಸರಿನಲ್ಲಿ ನಾಲ್ಕು. ಎರಡೂ ಹೆಸರನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿದೆ. ಚುಕ್ಕೆ ಸರಿ, ನಡುವಿನ ಖಾಲಿ ಜಾಗ ಸರಿ. ಅರ್ಧ ಗಂಟೆ ಆದ ಮೇಲೆ ಹೊಳೆಯಿತು. ಒಂದರಲ್ಲಿ 'ವೆಂ' ಎಂಬಲ್ಲಿ ಇದ್ದದ್ದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ವೆಂಕಟೇಶ್, ವೆ೦ಕಟೇಶ್. ನಿಮ್ಮ ಕಣ್ಣಿಗೆ ವ್ಯತ್ಯಾಸ ಕಂಡರೆ ನಿಮ್ಮ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ. ಕಂಪ್ಯೂಟರ್‌ಗೆ ಮಾತ್ರ ಅವರಿಬ್ಬರು ಬೇರೆ ಬೇರೆ ಮನುಷ್ಯರು.

ವಿಂಡೋಸ್‌ನಲ್ಲಿ ಎಂಪಿ3ಟ್ಯಾಗ್, ಲಿನಕ್ಸ್‌ನಲ್ಲಿ ಕಿಡ್3 ಎಂಬ ಸಾಫ್ಟ್‌ವೇರ್ ಇವೆ. ಸಾವಿರ ಫೈಲನ್ನು ಒಟ್ಟಿಗೆ ಆರಿಸಿ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡು ಅಂತ ಒಂದೇ ಏಟಿಗೆ ಹೇಳಬಹುದು. ಹೇಳುವ ಮೊದಲು ಒಂದು ಕ್ಷಣ ನಿಲ್ಲಿ. ತಾಳಮದ್ದಲೆಯಲ್ಲಿ "ಭಾಗ ೧೦" ಅಂತ ಬರೆದಿಟ್ಟಿದ್ದರೆ ಅದೂ "ಭಾಗ ೧ಂ" ಆಗುತ್ತದೆ! ಮೊದಲು ಭಾಗದ ಸಂಖ್ಯೆಗಳನ್ನು 1, 2, 3 ಎಂಬ ಅಂಕಿಗೆ ಬದಲಾಯಿಸಿಕೊಂಡು ಆಮೇಲೆ ಈ ಕೆಲಸಕ್ಕೆ ಕೈಹಾಕಿ.

ಎರಡನೇ ಗುಂಡಿ 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಆವೃತ್ತಿಗಳದ್ದು. ಯೂನಿಕೋಡ್ ಬರುವ ಮೊದಲಿನ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಈಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಹಾಳಾಗಿಲ್ಲ, ಅಳಿಸಬೇಡಿ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕ ಈಗಿನ ನುಡಿಯಲ್ಲೇ ಇದೆ. ಹೆಸರುಗಳನ್ನು ಅದಕ್ಕೆ ಹಾಕಿ ತೆಗೆದರೆ ಕನ್ನಡ ಮರಳಿ ಬರುತ್ತದೆ. ಮೂರನೆಯದು ಮಾಮೂಲಿ ತೊಂದರೆ: ಪಿಬಿಎಸ್, ಪಿ.ಬಿ.ಶ್ರೀನಿವಾಸ್, ಪಿ. ಬಿ. ಶ್ರೀನಿವಾಸ್. ಒಂದು ಹಾಳೆಯಲ್ಲಿ ಗಾಯಕರು, ಕವಿಗಳು, ನಿರ್ದೇಶಕರ ಹೆಸರನ್ನು ಒಂದೇ ಒಂದು ರೂಪದಲ್ಲಿ ಬರೆದಿಟ್ಟುಕೊಂಡು ಅಲ್ಲಿಂದಲೇ ಕಾಪಿ ಮಾಡಿ. ಮತ್ತೆ ಮತ್ತೆ ಟೈಪ್ ಮಾಡಬೇಡಿ.

ತಾಳಮದ್ದಲೆಯನ್ನು ನ್ಯಾವಿಡ್ರೋಮ್‌ಗೆ ಹಾಕಬೇಡಿ. ಇದು ನನ್ನ ಖಡಾಖಂಡಿತ ಸಲಹೆ. ನಲವತ್ತೈದು ನಿಮಿಷದ ಒಂದೊಂದು ಸೈಡನ್ನು ಹಾಡು ಅಂತ ಲೆಕ್ಕ ಹಿಡಿದರೆ, ಬೇಕಾದ್ದು ಹಾಕು ಅಂತ ಶಫಲ್ ಒತ್ತಿದಾಗ ಭಾವಗೀತೆ ಮುಗಿದ ಕೂಡಲೇ ಕರ್ಣ ಮಾತಿಗೆ ಶುರುಮಾಡುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆ, ಅಮ್ಮ ಅರ್ಧ ಕೇಳಿ ಅಡುಗೆಮನೆಗೆ ಹೋದರೆ ಮತ್ತೆ ಮೊದಲಿಂದ. ಇದಕ್ಕೆ ಆಡಿಯೊಬುಕ್‌ಶೆಲ್ಫ್ ಎಂಬ ಬೇರೆ ಸರ್ವರ್ ಇದೆ. ಮಾಡಿದ್ದು ಆಡಿಯೊ ಪುಸ್ತಕಕ್ಕೆ, ಆದರೆ ತಾಳಮದ್ದಲೆಗೇ ಮಾಡಿದ ಹಾಗಿದೆ. ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದಲೇ ಶುರುವಾಗುತ್ತದೆ, ಫೋನಿನಲ್ಲಿ ನಿಲ್ಲಿಸಿ ಟ್ಯಾಬ್‌ನಲ್ಲಿ ಮುಂದುವರಿಸಿದರೂ ಸರಿ. ಪೈ ಮೇಲೆ ಮೂರೂ ಸರ್ವರ್ ಒಟ್ಟಿಗೆ ಆರಾಮಾಗಿ ಓಡುತ್ತವೆ, 4 ಜಿಬಿ ಸಾಕು.

ಅಲ್ಲಿ ಒಂದು ಪ್ರಸಂಗ ಒಂದು ಪುಸ್ತಕ. ಮೂರೋ ನಾಲ್ಕೋ ಕ್ಯಾಸೆಟ್‌ನ ಸೈಡುಗಳೆಲ್ಲ ಅದರ ಅಧ್ಯಾಯಗಳು. ಎ ಸೈಡ್ ಮುಗಿಯುವಾಗ ಕೃಷ್ಣನ ಮಾತು ಅರ್ಧಕ್ಕೆ ಕತ್ತರಿಸಿ ಬಿ ಸೈಡಿನಲ್ಲಿ ಮುಂದುವರಿದಿರುತ್ತದಲ್ಲ, ಅಂಥವನ್ನು ಆಡಾಸಿಟಿ ಎಂಬ ಆಡಿಯೊ ಸಾಫ್ಟ್‌ವೇರ್‌ನಲ್ಲಿ ಬೆಸೆದುಬಿಡಿ. ಲೇಖಕರು ಎಂಬ ಜಾಗಕ್ಕೆ ಪದ್ಯ ಹಾಡುವ ಭಾಗವತರ ಹೆಸರು, ನರೇಟರ್ ಎಂಬ ಜಾಗಕ್ಕೆ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಹೆಸರು. ಲೇಖಕರು ಅಂದರೆ ಪ್ರಸಂಗಕರ್ತರು ಅಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಯಾರೂ ಪ್ರಸಂಗಕರ್ತರ ಹೆಸರಿನಿಂದ ಹುಡುಕುವುದಿಲ್ಲ, "ಶೇಣಿಯವರದ್ದು ಯಾವುದಿದೆ?" ಅಂತ ಅರ್ಥಧಾರಿಯ ಹೆಸರು ಹಿಡಿದೇ ಕೇಳುವುದು.

ಉಳಿದ ಎಪ್ಪತ್ತು ಕ್ಯಾಸೆಟ್‌ಗಳ ಬಗ್ಗೆ ಎರಡು ಮಾತು. ಮಲೆನಾಡಿನ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಬಂದಿದ್ದರೆ ಪ್ಲೇಯರ್‌ಗೆ ಹಾಕಬೇಡಿ, ಅದರ ಹೆಡ್‌ಗೂ ಮೆತ್ತಿ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಅವನ್ನು ಬೇರೆ ಎತ್ತಿಡಿ. ರೆಕಾರ್ಡಿಂಗ್ 44.1 ಕಿಲೊಹರ್ಟ್ಸ್, ಫ್ಲ್ಯಾಕ್ ಸಾಕು. 192 ಕಿಲೊಹರ್ಟ್ಸ್ ಮಾಡಿ ಅಂತ ಹೇಳುವವರು ಸಿಗುತ್ತಾರೆ. ಕ್ಯಾಸೆಟ್‌ನಲ್ಲಿ ಇಲ್ಲದ್ದು ಅದರಿಂದ ಹುಟ್ಟುವುದಿಲ್ಲ, ಫೈಲ್ ಮಾತ್ರ ಊದುತ್ತದೆ.

ತಂಗಿಯ ಮನೆಗೆ ತಲುಪಿಸುವುದು ಹೇಗೆ? ರೂಟರ್‌ನಲ್ಲಿ ಪೋರ್ಟ್ ತೆರೆಯಿರಿ ಎಂದು ಹಳೇ ವಿಡಿಯೊಗಳಲ್ಲಿ ಹೇಳುತ್ತಾರೆ. ಮಾಡಬೇಡಿ. ಮನೆಯ ಬಾಗಿಲು ಊರಿಗೆಲ್ಲ ತೆರೆದಿಟ್ಟ ಹಾಗೆ. ಅದೂ ಅಲ್ಲದೆ ಈಗಿನ ಬಹಳಷ್ಟು ಫೈಬರ್ ಕನೆಕ್ಷನ್‌ಗಳಲ್ಲಿ ನಿಮಗೆ ನಿಮ್ಮದೇ ಆದ ಹೊರಗಿನ ಐಪಿ ವಿಳಾಸವೇ ಸಿಗುವುದಿಲ್ಲ, ಹತ್ತಾರು ಮನೆಗೆ ಒಂದೇ ವಿಳಾಸ ಹಂಚಿರುತ್ತಾರೆ. ಟೇಲ್‌ಸ್ಕೇಲ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪೈಯಲ್ಲಿ ಒಂದು, ತಂಗಿಯ ಫೋನಿನಲ್ಲಿ ಒಂದು. ಇಬ್ಬರ ನಡುವೆ ಗುಪ್ತ ದಾರಿ ಮಾಡಿಕೊಡುತ್ತದೆ, ಮನೆಬಳಕೆಗೆ ಉಚಿತ. ಫ್ಲ್ಯಾಕ್ ಹಾಡು ಸೆಕೆಂಡಿಗೆ 1 ಮೆಗಾಬಿಟ್ ಆಸುಪಾಸು ಎಳೆಯುತ್ತದೆ, ನಿಮ್ಮ ಫೈಬರ್‌ಗೆ ಅದು ಏನೂ ಅಲ್ಲ. ನೆಟ್ ನಿಧಾನ ಇದ್ದ ದಿನ ನ್ಯಾವಿಡ್ರೋಮ್‌ಗೆ 128 ಕಿಲೊಬಿಟ್‌ಗೆ ಇಳಿಸಿ ಕಳಿಸು ಅನ್ನಬಹುದು. ವಿಡಿಯೊ ಹಾಗಲ್ಲ, ಆದರೆ ಆಡಿಯೊ ಬದಲಾಯಿಸುವುದು ಪೈಗೆ ನೀರು ಕುಡಿದಷ್ಟು ಸುಲಭ.

ಅಮ್ಮನಿಗೆ ನಿಮ್ಮ ಮನೆಯ ಹಳೇ ಫೋನೊಂದನ್ನು ಕೊಡಿ. ಸಿಮ್ ಬೇಡ. ಪರದೆ ಮೇಲೆ ಎರಡೇ ಗುರುತು, ಒಂದು ಹಾಡಿನದು, ಒಂದು ತಾಳಮದ್ದಲೆಯದು. ಬ್ಲೂಟೂತ್ ಸ್ಪೀಕರ್ ಪಕ್ಕದಲ್ಲಿ. ಅಪ್ಪನ ಆ್ಯಂಪ್ಲಿಫೈಯರ್ ಇನ್ನೂ ಹಾಡುತ್ತಿದ್ದರೆ ಪೈನ ಜ್ಯಾಕಿನಿಂದ ಎಳೆಯಬೇಡಿ, ಅದರ ದನಿ ಸುಮಾರು. ಒಂದು ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆ್ಯಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡಿಕೊಡುವ ಸಾಧನ) ತಂದು ಜೋಡಿಸಿ.

ಈಗ 2 ಟಿಬಿ ಡಿಸ್ಕಿನ ಕೆಲಸ. ತಿಂಗಳಿಗೊಮ್ಮೆ ಎಲ್ಲವನ್ನೂ ಅದಕ್ಕೆ ನಕಲು ಮಾಡಿ, ವೈರ್ ಬಿಚ್ಚಿ ಬೀರುವಿನೊಳಗೆ ಸೀರೆಗಳ ಮಧ್ಯೆ ಇಡಿ. ಸುಮ್ನೆ ಹೇಳುತ್ತಿಲ್ಲ. ನಿಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಹೇಗೆ ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಜೋಡಿಸಿಟ್ಟ ಬ್ಯಾಕಪ್ ಡಿಸ್ಕೂ ಪೈ ಜೊತೆಗೇ ಸುಡುತ್ತದೆ. ತಂಗಿ ಊರಿಗೆ ಬಂದಾಗ ಇನ್ನೊಂದು ನಕಲು ಕೊಟ್ಟು ಕಳಿಸಿ.

ಸಿಡಿಲು ಅಂದ ಕೂಡಲೇ ನಿಮ್ಮ ಮನೆಯಲ್ಲೂ ಓಡಿಹೋಗಿ ಪಿನ್ ಕೀಳುವ ರೂಢಿ ಇರುತ್ತದೆ. ಒಳ್ಳೆಯ ರೂಢಿ, ಆದರೆ ಓಡುತ್ತಿರುವ ಸರ್ವರ್‌ನ ಪಿನ್ ಕಿತ್ತರೆ ಮೇಲೆ ಹೇಳಿದ ಕರೆಂಟ್ ಹೋದ ಕತೆಯೇ. ಪೈ 4ಕ್ಕೆ ಪವರ್ ಬಟನ್ ಇಲ್ಲ. ನೀವೇ ಹಾಕಿ. ಕಾಲಿಂಗ್ ಬೆಲ್‌ನಂಥ ಒತ್ತುವ ಬಟನ್ ಒಂದು, ಎರಡು ತಂತಿ. ಪೈ ಬೋರ್ಡಿನ ಮೇಲಿರುವ ಪುಟ್ಟ ಪಿನ್‌ಗಳ ಸಾಲಿನಲ್ಲಿ 5 ಮತ್ತು 6ನೇ ಪಿನ್‌ಗೆ ಜೋಡಿಸಿ, ಕಾನ್ಫಿಗ್ ಫೈಲಿನಲ್ಲಿ ಜಿಪಿಐಒ-ಶಟ್‌ಡೌನ್ ಎಂಬ ಒಂದು ಓವರ್‌ಲೇ ಸಾಲು ಸೇರಿಸಿದರೆ ಮುಗಿಯಿತು. ಒತ್ತಿದರೆ ಶಿಸ್ತಾಗಿ ಆಫ್ ಆಗುತ್ತದೆ. ಆಫ್ ಆದ ಮೇಲೂ ಬೋರ್ಡಿನ ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಅದನ್ನು ನೋಡಿ ಗಾಬರಿಯಿಂದ ಮತ್ತೆ ಒತ್ತಬೇಡಿ, ಎದ್ದು ಕೂರುತ್ತದೆ. ನಮ್ಮ ಮನೆಯ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ಗುಡುಗಿದರೆ ಬಟನ್ ಒಂದೇ ಸಲ ಒತ್ತಿ. ನೂರು ಎಣಿಸಿ. ಆಮೇಲೆ ಪಿನ್."